ಡಾಸ್ ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡ್: ಎಲ್ಲಿಯ ತನಕ ಬಂತು, ಎಲ್ಲಿ ನಿಂತಿತು?

(ಇದು ಒಂದು ಉಪನ್ಯಾಸದ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಮೇಜಿನ ಮೇಲೆ ಕೈಯಿಂದ ತೋರಿಸಿದ್ದನ್ನು ಮಾತಿನಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಹಳದಿಗೆ ತಿರುಗಿದ ಡಬ್ಬ ಒಂದು 386, ಅಂದರೆ 386 ಪ್ರಾಸೆಸರ್ ಇರುವ ಹಳೆ ಪಿಸಿ. ಮುಚ್ಚಳ ಬಿಚ್ಚಿಯೇ ತಂದಿದ್ದೇನೆ. ಪಕ್ಕದಲ್ಲಿ ಅಂಗೈ ಅಗಲದ ಹಸಿರು ಹಲಗೆ ಇದೆಯಲ್ಲ, ಅದು ನೆಟ್‌ವರ್ಕ್ ಕಾರ್ಡ್. ಮಾತು ಮುಗಿಯುವಷ್ಟರಲ್ಲಿ ಈ ಯಂತ್ರ ಆ ಕಡೆ ಕೂತಿರುವ ನನ್ನ ಲ್ಯಾಪ್‌ಟಾಪಿನಿಂದ ಒಂದು ಫೈಲ್ ಎಳೆದುಕೊಳ್ಳಬೇಕು. ಎಳೆದುಕೊಳ್ಳದೆ ಹೋದರೆ ನನಗೇನೂ ಬೇಜಾರಿಲ್ಲ. ಯಾಕೆ ಆಗಲಿಲ್ಲ ಅಂತ ಹುಡುಕುವುದೇ ಇವತ್ತಿನ ವಿಷಯ.

ಇವತ್ತಿನ ಕಂಪ್ಯೂಟರಿಗೆ ಕೇಬಲ್ ಚುಚ್ಚಿದರೆ ಮುಗಿಯಿತು. ಕಾರ್ಡ್ ಯಾವುದು, ಅದಕ್ಕೆ ಯಾವ ವಿಳಾಸ ಕೊಡಬೇಕು, ಯಾವ ಡ್ರೈವರ್ ಹಾಕಬೇಕು, ಎಲ್ಲವನ್ನೂ ಯಾರೋ ಒಳಗೆ ಕೂತು ಮಾಡುತ್ತಾರೆ. ಈ ಯಂತ್ರದ ಹಳೆ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನಲ್ಲಿ ಆ ಯಾರೋ ಇಲ್ಲ. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದಾಗ ಅದರ ಪ್ರಪಂಚದಲ್ಲಿ ಇದ್ದದ್ದು ಫ್ಲಾಪಿ, ಕೀಬೋರ್ಡ್, ಪರದೆ, ಪ್ರಿಂಟರ್, ಸೀರಿಯಲ್ ಪೋರ್ಟ್. ನೆಟ್‌ವರ್ಕ್ ಅನ್ನೋದು ಆಮೇಲೆ ಹೊರಗಿನಿಂದ ಬಂದು ಸೇರಿಕೊಂಡ ನೆಂಟ. ಹಾಗಾಗಿ ಎಲ್ಲವನ್ನೂ ನಾವೇ ಹೇಳಿಕೊಡಬೇಕು, ಒಂದೊಂದಾಗಿ.

ಇದು ಕಿರಿಕಿರಿ ಅನ್ನಿಸುತ್ತದೆ, ನಿಜ. ಆದರೆ ಒಂದೊಂದಾಗಿ ಹೇಳಿಕೊಡುವುದರಿಂದ ಒಂದು ಅನುಕೂಲವೂ ಇದೆ. ಪ್ರತಿ ಹೆಜ್ಜೆಯೂ ಬೇರೆ ಬೇರೆ. ಒಂದು ಹೆಜ್ಜೆ ಸರಿಯಾಯಿತು ಅಂದರೆ ಅದು ಒಂದೇ ಒಂದು ವಿಷಯವನ್ನು ಸಾಬೀತು ಮಾಡುತ್ತದೆ. ಅದಕ್ಕಿಂತ ಹೆಚ್ಚು ಏನೂ ಇಲ್ಲ. ಯಾವ ಹೆಜ್ಜೆ ಯಾವುದನ್ನು ಸಾಬೀತು ಮಾಡಿತು ಅಂತ ಗೊತ್ತಿದ್ದರೆ ಎಲ್ಲಿ ಸಿಕ್ಕಿಕೊಂಡಿದ್ದೇವೆ ಅನ್ನೋದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ನನ್ನ ಹಾಗೆ ಎರಡು ಸಂಜೆ ಹಾಳು. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಕಾರ್ಡ್. ಈ ಯಂತ್ರದಲ್ಲಿ ಕಾರ್ಡ್ ಸಿಕ್ಕಿಸಲು ಇರುವುದು ಐಸಾ ಅನ್ನುವ ಹಳೆ ಮಾದರಿಯ ಸ್ಲಾಟುಗಳು. ಉದ್ದದ ಸ್ಲಾಟು 16 ಬಿಟ್, ಗಿಡ್ಡದ್ದು 8 ಬಿಟ್. ಡಾಸ್ ಕಾಲದ ಕಾರ್ಡುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಎನ್‌ಇ2000. ನೊವೆಲ್ ಕಂಪನಿ ನೆಟ್‌ವೇರ್ ಅನ್ನುವ ತನ್ನ ನೆಟ್‌ವರ್ಕ್ ಸಾಫ್ಟ್‌ವೇರಿನ ವ್ಯಾಪಾರಕ್ಕೆ ಅಂತ 1980ರ ದಶಕದ ಕೊನೆಯಲ್ಲಿ ತಂದ ಕಾರ್ಡ್ ಅದು. ಒಳಗಿದ್ದದ್ದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ 8390 ಚಿಪ್. ವಿನ್ಯಾಸ ಸರಳ, ಚಿಪ್ ಎಲ್ಲರಿಗೂ ಸಿಗುತ್ತಿತ್ತು. ಹಾಗಾಗಿ ಊರಿಗೆಲ್ಲ ನಕಲು ಹಬ್ಬಿತು. ರಿಯಲ್‌ಟೆಕ್ 8019 ಚಿಪ್ ಇರುವ ಕಾರ್ಡುಗಳೆಲ್ಲ ಇದರ ವಂಶದವೇ. ನನ್ನ ಕೈಯಲ್ಲಿರುವುದೂ ಅಂಥದ್ದೇ. ಇದಕ್ಕೆ ಹೊರತಾಗಿ ಧೈರ್ಯವಾಗಿ ತೆಗೆದುಕೊಳ್ಳಬಹುದಾದದ್ದು 3ಕಾಂ ಕಂಪನಿಯ 3ಸಿ509. ನನ್ನ ಮಟ್ಟಿಗೆ ಅದು ಇದಕ್ಕಿಂತ ಗಟ್ಟಿ ಕಾರ್ಡ್. ಆದರೂ ಕಲಿಯುವವರಿಗೆ ನಾನು ಎನ್‌ಇ2000 ಹೇಳುತ್ತೇನೆ. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ಇನ್ನೊಂದು ಕಾರಣವೂ ಇದೆ. ಕೆಲವು ಹಳೆ ಕಾರ್ಡುಗಳು, ಉದಾಹರಣೆಗೆ ವೆಸ್ಟರ್ನ್ ಡಿಜಿಟಲ್‌ನ 8003, ತಮ್ಮ ಮೆಮೊರಿಯನ್ನು ಪಿಸಿಯ ಮೆಮೊರಿ ನಕ್ಷೆಯಲ್ಲೇ, 640ಕೆ ಮೇಲಿನ ಜಾಗದಲ್ಲಿ, ತಂದು ಕೂರಿಸುತ್ತವೆ. ಡಾಸ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಇಎಂಎಂ386 ಕೂಡ ಅದೇ ಜಾಗಕ್ಕೆ ಕಣ್ಣು ಹಾಕಿರುತ್ತದೆ. ಆ ಜಾಗ ಬಿಟ್ಟುಬಿಡು ಅಂತ ಕಾನ್ಫಿಗ್ ಫೈಲಿನಲ್ಲಿ ಬರೆಯದಿದ್ದರೆ ಇಬ್ಬರಿಗೂ ಜಗಳ. ಎನ್‌ಇ2000ಗೆ ಈ ತಲೆನೋವಿಲ್ಲ. ಅದು ಬರೀ ಪೋರ್ಟ್ ವಿಳಾಸಗಳ ಮೂಲಕ, ಅಂದರೆ ಪ್ರಾಸೆಸರ್ ಓದಿ ಬರೆಯುವ ಸಂಖ್ಯೆ ಹಾಕಿದ ಬಾಗಿಲುಗಳ ಮೂಲಕ, ಮಾತಾಡುತ್ತದೆ. 32 ಪೋರ್ಟ್, ಒಂದು ಇಂಟರಪ್ಟ್. ಅಷ್ಟೇ ಅದರ ಬೇಡಿಕೆ.

ಈಗ ಬರುವುದು ಆ ಒಂದು ಇಂಟರಪ್ಟ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹತ್ತರಲ್ಲಿ ಎಂಟು ತೊಂದರೆ ಇಲ್ಲೇ ಹುಟ್ಟುವುದು.

ಇಂಟರಪ್ಟಿನ ಗೆರೆಗೆ ಐಆರ್‌ಕ್ಯೂ ಅನ್ನುತ್ತಾರೆ, ಅದನ್ನು ಬಾಗಿಲ ಗಂಟೆ ಅಂದುಕೊಳ್ಳಿ. ಕಾರ್ಡಿಗೆ ಹೊರಗಿನಿಂದ ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಂಡು, ಬಂದಾಗ ಅದು ಗಂಟೆ ಬಾರಿಸುತ್ತದೆ. ಪ್ರಾಸೆಸರ್ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ಪ್ಯಾಕೆಟ್ ತೆಗೆದುಕೊಂಡು ಹೋಗುತ್ತದೆ. ಮೊದಲ ಪಿಸಿಯಲ್ಲಿ 8259 ಅನ್ನುವ ಒಂದೇ ಚಿಪ್, ಎಂಟೇ ಗಂಟೆ. 1984ರ ಎಟಿ ಅನ್ನುವ ಐಬಿಎಂ ಮಾದರಿಯಲ್ಲಿ ಇನ್ನೊಂದು 8259 ಸೇರಿಸಿದರು. ಆ ಎರಡನೆಯದನ್ನು ಮೊದಲನೆಯದರ 2ನೇ ಗೆರೆಗೆ ಸಿಕ್ಕಿಸಿದರು. ಹಾಗಾಗಿ ಹದಿನಾರಾಗಬೇಕಾದದ್ದು ಹದಿನೈದಾಯಿತು. ಐಸಾ ಸ್ಲಾಟಿನಲ್ಲಿ ಎರಡು ಕಾರ್ಡುಗಳು ಒಂದೇ ಗಂಟೆಯನ್ನು ಹಂಚಿಕೊಳ್ಳುವುದು ಆಗದ ಮಾತು. ಇಬ್ಬರು ಸೇರಿ ಒಂದು ಗಂಟೆ ಬಾರಿಸಿದರೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಹದಿನೈದು ಗಂಟೆ ಇದ್ದರೂ ಖಾಲಿ ಇರುವುದು ಬೆರಳೆಣಿಕೆ. 0 ಗಡಿಯಾರಕ್ಕೆ, 1 ಕೀಬೋರ್ಡಿಗೆ. 3 ಎರಡನೇ ಸೀರಿಯಲ್ ಪೋರ್ಟಿಗೆ, 4 ಮೊದಲನೆಯದಕ್ಕೆ. 6 ಫ್ಲಾಪಿಗೆ, 7 ಪ್ರಿಂಟರಿಗೆ. 8 ದಿನಾಂಕ ಇಟ್ಟುಕೊಳ್ಳುವ ಗಡಿಯಾರಕ್ಕೆ, 13 ಗಣಿತದ ಚಿಪ್ಪಿಗೆ, 14 ಹಾರ್ಡ್ ಡಿಸ್ಕಿಗೆ. ದುಂಡು ಪಿನ್ನಿನ ಪಿಎಸ್2 ಮೌಸ್ ಇದ್ದರೆ 12 ಹೋಯಿತು. 5 ಮಾತ್ರ ಸ್ವಲ್ಪ ಬೀದಿ ಬಸವ. ಪುಸ್ತಕದ ಪ್ರಕಾರ ಎರಡನೇ ಪ್ರಿಂಟರಿನದು. ನಿಜದಲ್ಲಿ ಹೆಚ್ಚಾಗಿ ಸೌಂಡ್ ಕಾರ್ಡಿನದು. ಎಟಿಗಿಂತ ಹಳೆಯ ಎಕ್ಸ್‌ಟಿ ಮಾದರಿಯಲ್ಲಾದರೆ ಹಾರ್ಡ್ ಡಿಸ್ಕ್ ಕಂಟ್ರೋಲರ್ ಅದನ್ನೇ ಹಿಡಿದುಕೊಂಡಿರುತ್ತದೆ. ಎಕ್ಸ್‌ಟಿ ಇಟ್ಟುಕೊಂಡವರು ಇದನ್ನು ಗುರುತು ಮಾಡಿಕೊಳ್ಳಿ. ಸೌಂಡ್ ಕಾರ್ಡ್ ಇಲ್ಲ, 5 ಖಾಲಿ ಅಂತ ನಂಬಿ ಕೂತರೆ ಡಿಸ್ಕೇ ಓದಲು ತಡವರಿಸಬಹುದು.

ಈಗ ನೋಡಿ ತಮಾಷೆ. ಎನ್‌ಇ2000 ನಕಲು ಕಾರ್ಡುಗಳಲ್ಲಿ ಹೆಚ್ಚಿನವು ಪೋರ್ಟ್ ಹೆಕ್ಸ್ 300 (ಹೆಕ್ಸ್ ಅಂದರೆ ಹದಿನಾರರ ಲೆಕ್ಕದ ಸಂಖ್ಯೆ, 9 ಆದ ಮೇಲೆ ಎಯಿಂದ ಎಫ್ ತನಕ ಅಕ್ಷರಗಳು), ಐಆರ್‌ಕ್ಯೂ 3 ಅಂತಲೇ ಹೊಂದಿಸಿಕೊಂಡು ಬರುತ್ತವೆ. 3 ಯಾರದು? ಎರಡನೇ ಸೀರಿಯಲ್ ಪೋರ್ಟಿನದು. 386, 486 ಯಂತ್ರಗಳಲ್ಲಿ ಆ ಪೋರ್ಟ್ ಇದ್ದೇ ಇರುತ್ತದೆ, ಎಷ್ಟೋ ಸಲ ಮೌಸ್ ಕೂಡ ಅಲ್ಲೇ ನೇತಾಡುತ್ತಿರುತ್ತದೆ. ಅಂದರೆ ಡಬ್ಬದಿಂದ ತೆಗೆದು ಹಾಗೇ ಸಿಕ್ಕಿಸಿದರೆ ಜಗಳ ಗ್ಯಾರಂಟಿ.

16 ಬಿಟ್ ಸ್ಲಾಟ್ ಇದ್ದರೆ ನಾನು 10 ಆರಿಸಿಕೊಳ್ಳುತ್ತೇನೆ. ಅದು ಸಾಮಾನ್ಯವಾಗಿ ಯಾರದೂ ಅಲ್ಲ. ಇವತ್ತು ಬೇಕೆಂದೇ 5 ಇಟ್ಟಿದ್ದೇನೆ, ಕಾರಣ ಕೊನೆಯಲ್ಲಿ ಹೇಳುತ್ತೇನೆ. 8 ಬಿಟ್ ಸ್ಲಾಟ್ ಮಾತ್ರ ಇದ್ದರೆ 10, 11 ಅನ್ನುವ ಮಾತೇ ಇಲ್ಲ. ಆ ಗೆರೆಗಳು ಇರುವುದು ಉದ್ದದ ಸ್ಲಾಟಿನ ಹಿಂದಿನ ತುಂಡಿನಲ್ಲಿ.

ಪೋರ್ಟ್ ವಿಳಾಸಕ್ಕೂ ಇದೇ ಲೆಕ್ಕ. 300ರಿಂದ ಶುರು ಮಾಡಿದರೆ ಕಾರ್ಡ್ 31ಎಫ್ ತನಕ ಹಿಡಿಯುತ್ತದೆ, ಅಲ್ಲಿ ಯಾರೂ ಇಲ್ಲ. 320 ಅಂದರೆ 33ಎಫ್ ತನಕ ಹೋಗುತ್ತದೆ, ಸಂಗೀತದ ಮಿಡಿ ಪೋರ್ಟ್ ಇರುವುದು 330ರಲ್ಲಿ. 360 ಅಂದರೆ 37ಎಫ್ ತನಕ, 378ರಲ್ಲಿ ಪ್ರಿಂಟರ್ ಕಾಯುತ್ತಿದೆ. ಶುರುವಿನ ಸಂಖ್ಯೆ ಮಾತ್ರ ನೋಡಿದರೆ ಇದು ಹೊಳೆಯುವುದೇ ಇಲ್ಲ. ಕೊನೆಯ ಸಂಖ್ಯೆಯನ್ನೂ ನೋಡಬೇಕು.

ನನ್ನ ಪ್ರತಿ ಹಳೆ ಯಂತ್ರದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಇಲ್ಲಿ ನೋಡಿ, ಪೆನ್ಸಿಲ್ಲಿನಲ್ಲಿ ಬರೆದದ್ದು. ಎಡಕ್ಕೆ ಐಆರ್‌ಕ್ಯೂ, ಬಲಕ್ಕೆ ಯಾರದು ಅಂತ. ಡಾಸ್ 6 ಜೊತೆ ಎಂಎಸ್‌ಡಿ ಅನ್ನುವ ಪ್ರೋಗ್ರಾಂ ಬರುತ್ತದೆ, ಅದೂ ಒಂದು ಪಟ್ಟಿ ತೋರಿಸುತ್ತದೆ. ಆದರೆ ಡ್ರೈವರ್ ಹಾಕದ ಕಾರ್ಡ್ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ನನಗೆ ಚೀಟಿಯ ಮೇಲೇ ನಂಬಿಕೆ.

ಈ ಸಂಖ್ಯೆಗಳನ್ನು ಕಾರ್ಡಿಗೆ ಹೇಳುವುದು ಹೇಗೆ? ತೀರಾ ಹಳೆ ಕಾರ್ಡಿನಲ್ಲಿ ಜಂಪರ್ ಇರುತ್ತದೆ, ಉಗುರಿನಷ್ಟು ಪ್ಲಾಸ್ಟಿಕ್ ಟೋಪಿ. ತೆಗೆದು ಬೇರೆ ಕಡ್ಡಿಗಳ ಮೇಲೆ ಹಾಕಿದರೆ ಆಯಿತು. ಜಂಪರ್ ಪ್ರೀತಿಸುವವನು ನಾನು, ಕಣ್ಣಿಗೆ ಕಾಣುತ್ತದೆ ನೋಡಿ. ಆಮೇಲಿನ ಕಾರ್ಡುಗಳಲ್ಲಿ ಒಂದು ಪುಟ್ಟ ಎಂಟು ಕಾಲಿನ ಚಿಪ್ ಇದನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಬರೆಯಲು ಕಂಪನಿಯವರೇ ಕೊಟ್ಟ ಡಾಸ್ ಪ್ರೋಗ್ರಾಂ ಬೇಕು. ರಿಯಲ್‌ಟೆಕ್‌ಗೆ ಆರ್‌ಸೆಟ್8019, 3ಕಾಂಗೆ 3ಸಿ5ಎಕ್ಸ್9ಸಿಎಫ್‌ಜಿ. ಅದರಲ್ಲಿ ಮಾಡಬೇಕಾದ ಮೊದಲ ಕೆಲಸ ಪ್ಲಗ್ ಅಂಡ್ ಪ್ಲೇ ಆರಿಸುವುದು. ಆ ಸೌಲಭ್ಯ ಬಂದದ್ದು ವಿಂಡೋಸ್ 95 ತರಹದವರಿಗಾಗಿ. ಹೇಳುವವರು ಬಂದು ಎಬ್ಬಿಸುವ ತನಕ ಕಾರ್ಡ್ ಮಲಗಿರುತ್ತದೆ. ಡಾಸ್‌ನಲ್ಲಿ ಎಬ್ಬಿಸುವವರು ಯಾರು? ಯಾರೂ ಇಲ್ಲ.

ಹಾಗಾದರೆ ಆ ಪ್ರೋಗ್ರಾಂ ಯಂತ್ರದೊಳಗೆ ಬರುವುದು ಹೇಗೆ, ನೆಟ್‌ವರ್ಕೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಫ್ಲಾಪಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಹೊಸ ಯಂತ್ರದಲ್ಲಿ 1.44 ಎಂಬಿ ಫ್ಲಾಪಿ ಬರೆಯುತ್ತದೆ. ಫ್ಲಾಪಿ ಡ್ರೈವ್ ಸತ್ತಿದ್ದರೆ ಸೀರಿಯಲ್ ಕೇಬಲ್. ಒಮ್ಮೆ ನೆಟ್‌ವರ್ಕ್ ಬಂತು ಅಂದರೆ ಈ ಗೋಳು ಮುಗಿಯಿತು, ಅದಕ್ಕೇ ಅಲ್ವಾ ಇಷ್ಟೆಲ್ಲ.

ಕಾರ್ಡ್ ಸಿಕ್ಕಿಸುವುದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ವಿದ್ಯುತ್ ತಂತಿ ಕಿತ್ತಿಡಿ. ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಎರಡೂ ಕಡೆ ಸಮನಾಗಿ ಒತ್ತಿ. ಹಿಂದಿನ ಸ್ಕ್ರೂ ಹಾಕದೆ ಬಿಡಬೇಡಿ, ಕೇಬಲ್ ಎಳೆದಾಗ ಕಾರ್ಡ್ ಓರೆಯಾಗುತ್ತದೆ. ಹಾಗೇ ಮದರ್‌ಬೋರ್ಡಿನ ಮೇಲೆ ನೀಲಿ ಪೀಪಾಯಿಯಂಥ ಬ್ಯಾಟರಿ ಇದ್ದರೆ ಅದನ್ನೂ ನೋಡಿ. ಸುತ್ತ ಹಸಿರು ಪಾಚಿ ಕಟ್ಟಿದ್ದರೆ ಅದು ಸೋರಿದೆ. ನೆಟ್‌ವರ್ಕ್ ಆಮೇಲೆ, ಮೊದಲು ಅದನ್ನು ತೆಗೆಸಿ.

ಈಗ ಯಂತ್ರ ಹಚ್ಚಿದ್ದೇನೆ. ಯಾವ ಡ್ರೈವರೂ ಹಾಕಿಲ್ಲ. ಡಾಸ್ ಜೊತೆಗೇ ಬರುವ ಡಿಬಗ್ ಪ್ರೋಗ್ರಾಂ ತೆರೆಯುತ್ತೇನೆ. ಒಂದು ಹೈಫನ್ ಮಾತ್ರ ಕಾಣುತ್ತಿದೆ. ಅಲ್ಲಿ ಐ, ಒಂದು ಖಾಲಿ ಜಾಗ, 300 ಅಂತ ಹೊಡೆಯುತ್ತೇನೆ. ಐ ಅಂದರೆ ಇನ್‌ಪುಟ್, ಆ ಪೋರ್ಟಿನಲ್ಲಿ ಏನಿದೆ ಓದು ಅಂತ. ಬಂತು ನೋಡಿ: 21. ಈಗ ಐ 340 ಹೊಡೆಯುತ್ತೇನೆ, ಅಲ್ಲಿ ಯಾರೂ ಇಲ್ಲ. ಎಫ್‌ಎಫ್ ಬಂತು. ಖಾಲಿ ಮನೆಯ ಬಾಗಿಲು ತಟ್ಟಿದರೆ ಐಸಾದಲ್ಲಿ ಬರುವ ಉತ್ತರ ಎಫ್‌ಎಫ್. 21 ಅಂದರೆ 8390 ಚಿಪ್ ಈಗಷ್ಟೇ ಎದ್ದು, ನಿಂತ ಸ್ಥಿತಿಯಲ್ಲಿ ಅಪ್ಪಣೆಗೆ ಕಾಯುತ್ತಿದೆ ಅಂತ. ಒಂದು ಸಾಲು ಸಾಫ್ಟ್‌ವೇರ್ ಹಾಕದೆ ಎರಡು ವಿಷಯ ತಿಳಿಯಿತು: ಕಾರ್ಡ್ ಬದುಕಿದೆ, ನಾವು ಹೇಳಿದ ವಿಳಾಸದಲ್ಲೇ ಇದೆ. ಎಫ್‌ಎಫ್ ಬಂದಿದ್ದರೆ ಡ್ರೈವರ್ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವೇ ಇಲ್ಲ. ಪ್ಲಗ್ ಅಂಡ್ ಪ್ಲೇ ಇನ್ನೂ ಆರಿಲ್ಲ, ಇಲ್ಲವೇ ವಿಳಾಸ ಬೇರೆ, ಇಲ್ಲವೇ ಕಾರ್ಡ್ ಸರಿಯಾಗಿ ಕೂತಿಲ್ಲ.

ಒಂದು ಎಚ್ಚರಿಕೆ. ಸುಮ್ನೆ ಸಿಕ್ಕ ಸಿಕ್ಕ ಪೋರ್ಟುಗಳನ್ನೆಲ್ಲ ಓದುತ್ತಾ ಹೋಗಬೇಡಿ. ಈ ಕಾರ್ಡಿನಲ್ಲೇ 31ಎಫ್ ಓದಿದರೆ ಸಾಕು, ಕಾರ್ಡ್ ರೀಸೆಟ್ ಆಗುತ್ತದೆ. ಓದುವುದೂ ಒಂದು ಕೆಲಸವೇ ಇಲ್ಲಿ.

ಮುಂದಿನದು ಪ್ಯಾಕೆಟ್ ಡ್ರೈವರ್. ಇದರ ಹಿಂದಿನ ಯೋಚನೆ ಬಹಳ ಚೆಂದ. 1980ರ ದಶಕದಲ್ಲಿ ಎಫ್‌ಟಿಪಿ ಸಾಫ್ಟ್‌ವೇರ್ ಅನ್ನುವ ಕಂಪನಿ ಒಂದು ಒಪ್ಪಂದ ಬರೆಯಿತು. ಕಾರ್ಡ್ ಯಾವುದೇ ಇರಲಿ, ಅದರ ಡ್ರೈವರ್ ಹೆಕ್ಸ್ 60ರಿಂದ 80ರ ನಡುವಿನ ಯಾವುದಾದರೂ ಒಂದು ಸಾಫ್ಟ್‌ವೇರ್ ಇಂಟರಪ್ಟಿನಲ್ಲಿ ಕೂತಿರಬೇಕು. ಪ್ಯಾಕೆಟ್ ಕಳಿಸು, ಬಂದದ್ದು ಕೊಡು, ನಿನ್ನ ವಿಳಾಸ ಹೇಳು, ಇಂಥ ಕೆಲವೇ ಕೆಲಸ ಮಾಡಬೇಕು. ನೆಟ್‌ವರ್ಕ್ ಪ್ರೋಗ್ರಾಂ ಬರೆಯುವವರಿಗೆ ಕಾರ್ಡಿನ ಹೆಸರೇ ಗೊತ್ತಿರಬೇಕಿಲ್ಲ. ರಸೆಲ್ ನೆಲ್ಸನ್ ಅನ್ನುವವರು ಹತ್ತಾರು ಕಾರ್ಡುಗಳ ಡ್ರೈವರುಗಳನ್ನು ಒಟ್ಟುಗೂಡಿಸಿ ಕ್ರಿನ್ವರ್ ಸಂಗ್ರಹ ಅಂತ ಹೊರತಂದರು, ಮೂಲ ಕೋಡ್ ಸಮೇತ. ಇವತ್ತು ನಾವು ಬಳಸುವುದು ಅದನ್ನೇ. ನೊವೆಲ್‌ನ ಓಡಿಐ, ಮೈಕ್ರೋಸಾಫ್ಟ್‌ನ ಎನ್‌ಡಿಐಎಸ್ ಅಂತ ಬೇರೆ ಒಪ್ಪಂದಗಳೂ ಇದ್ದವು. ಆಫೀಸಿನ ಫೈಲ್ ಸರ್ವರಿಗೆ ಅವು ಬೇಕಿತ್ತು. ನಮಗೆ ಬೇಡ, ಮೆಮೊರಿ ತಿನ್ನುತ್ತವೆ.

ಹೊಡೆಯುವ ಸಾಲು ಹೀಗಿದೆ: ಎನ್‌ಇ2000, ಆಮೇಲೆ ಮೂರು ಸಂಖ್ಯೆ. ಮೊದಲನೆಯದು ಡ್ರೈವರ್ ಕೂರುವ ಸಾಫ್ಟ್‌ವೇರ್ ಇಂಟರಪ್ಟ್, ಹೆಕ್ಸ್ 60. ಎರಡನೆಯದು ಐಆರ್‌ಕ್ಯೂ. ಮೂರನೆಯದು ಪೋರ್ಟ್, ಹೆಕ್ಸ್ 300. ಸಂಖ್ಯೆ ಹೆಕ್ಸ್ ಆಗಿದ್ದರೆ ಅದರ ಮುಂದೆ ಸೊನ್ನೆ ಮತ್ತು ಎಕ್ಸ್ ಹಾಕಲೇಬೇಕು. ಹಾಕದೆ ಬರೀ 300 ಅಂದರೆ ಡ್ರೈವರ್ ಅದನ್ನು ನಮ್ಮ ಸಾಮಾನ್ಯ ಮುನ್ನೂರು ಅಂದುಕೊಂಡು ಹೆಕ್ಸ್ 12ಸಿಯಲ್ಲಿ ಹೋಗಿ ಬಾಗಿಲು ತಟ್ಟುತ್ತದೆ. ಐಆರ್‌ಕ್ಯೂ 10 ಇಟ್ಟವರು ಉತ್ಸಾಹದಲ್ಲಿ ಅದರ ಮುಂದೆಯೂ ಸೊನ್ನೆ ಎಕ್ಸ್ ಹಾಕಿಬಿಡುತ್ತಾರೆ. ಆಗ ಅದು 16 ಆಗುತ್ತದೆ. ಅಂಥ ಐಆರ್‌ಕ್ಯೂ ಈ ಯಂತ್ರದಲ್ಲಿ ಹುಟ್ಟಿಯೇ ಇಲ್ಲ.

ಈಗ ಬೇಕೆಂದೇ ಒಂದು ತಪ್ಪು ಮಾಡುತ್ತೇನೆ. ಕಾರ್ಡ್ ಇರುವುದು 5ರಲ್ಲಿ. ನಾನು 10 ಅಂತ ಹೊಡೆಯುತ್ತೇನೆ. ನೋಡಿ, ಡ್ರೈವರ್ ಕೂತಿತು. ಒಂದೂ ದೂರಿಲ್ಲ. ಇಂಟರಪ್ಟ್ 10, ಪೋರ್ಟ್ 300 ಅಂತ ನಾನು ಹೇಳಿದ್ದನ್ನೇ ನನಗೆ ಒಪ್ಪಿಸಿತು. ಕೆಳಗೆ ಕಾರ್ಡಿನ ಈಥರ್‌ನೆಟ್ ವಿಳಾಸ, ಆರು ಜೋಡಿ ಅಂಕಿ, ಸರಿಯಾಗಿ ಬಂದಿದೆ. ಇದನ್ನು ನೋಡಿದವರು ಏನಂದುಕೊಳ್ಳುತ್ತಾರೆ? ಕಾರ್ಡ್ ಓಕೆ, ಡ್ರೈವರ್ ಓಕೆ, ತಪ್ಪು ಕೇಬಲ್ಲಿನದು ಅಂತ.

ಆದರೆ ಆ ವಿಳಾಸ ಬಂದದ್ದು ಪೋರ್ಟಿನ ಮೂಲಕ. ಗಂಟೆ ಇನ್ನೂ ಬಾರಿಸಿಯೇ ಇಲ್ಲ. ಈ ಸಾಲು ಸಾಬೀತು ಮಾಡಿದ್ದು ಪೋರ್ಟ್ ಸರಿ ಅಂತ ಮಾತ್ರ. ಆರು ಜೋಡಿಯೂ ಎಫ್‌ಎಫ್ ಆಗಿದ್ದರೆ ಪೋರ್ಟ್ ತಪ್ಪು. ಐಆರ್‌ಕ್ಯೂ ಬಗ್ಗೆ ಇದು ತುಟಿ ಬಿಚ್ಚುವುದಿಲ್ಲ.

ಐಪಿ ವಿಳಾಸ ಕೇಳುವ ಡಿಎಚ್‌ಸಿಪಿ ಪ್ರೋಗ್ರಾಂ ಓಡಿಸುತ್ತೇನೆ. ಅದರ ಬಗ್ಗೆ ಈಗ ಹೇಳುತ್ತೇನೆ, ಮೊದಲು ಸ್ವಿಚ್ಚಿನ ದೀಪ ನೋಡಿ. ಮಿಣುಕಿತಲ್ಲ? ನನ್ನ ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ನೋಡುವ ಪ್ರೋಗ್ರಾಂ ತೆರೆದಿದೆ. ಅಲ್ಲಿ ನಮ್ಮ 386ರ ಕೂಗು ಬಂದು ತಲುಪಿದೆ, "ನನಗೊಂದು ವಿಳಾಸ ಕೊಡಿ" ಅಂತ. ಆದರೂ ಈ ಪರದೆಯಲ್ಲಿ ಉತ್ತರವಿಲ್ಲ. ಮತ್ತೆ ಕೂಗಿತು, ಮತ್ತೆ ಇಲ್ಲ. ಕೊನೆಗೆ ಸೋತೆ ಅಂದಿತು. ಈ ಡ್ರೈವರಿಗೆ ಕಳಿಸಲು ಗಂಟೆ ಬೇಕಿಲ್ಲ, ಕೇಳಿಸಿಕೊಳ್ಳಲು ಬೇಕು. ಬಾಯಿ ಇದೆ, ಕಿವಿ ಇಲ್ಲ. ದೀಪ ಮಿಣುಕುತ್ತದೆ, ಪ್ಯಾಕೆಟ್ ಹೊರಗೆ ಹೋಗುತ್ತದೆ, ಏನೂ ಒಳಗೆ ಬರುವುದಿಲ್ಲ. ಈ ಲಕ್ಷಣ ಕಂಡರೆ ಮೊದಲು ನೋಡಬೇಕಾದದ್ದು ಐಆರ್‌ಕ್ಯೂ.

ನನ್ನ ಎರಡು ಸಂಜೆ ಹೋದದ್ದು ಇದರಲ್ಲೇ. ಅದು ನನ್ನ ಮೊದಲ ಕಾರ್ಡ್, ಯಾರೋ ಕಳಚಿಟ್ಟದ್ದು. 3ರಲ್ಲಿ ಇತ್ತು, ನಾನೂ 3 ಅಂತಲೇ ಹೊಡೆದಿದ್ದೆ. ಎರಡೂ ಹೊಂದುತ್ತಿತ್ತು, ಹಾಗಾಗಿ ಅನುಮಾನವೇ ಬರಲಿಲ್ಲ. ಮೂರು ಕೇಬಲ್ ಬದಲಾಯಿಸಿದೆ. ಸ್ವಿಚ್ ಬದಲಾಯಿಸಿದೆ. ಬೇರೆ ಬೇರೆ ಡ್ರೈವರ್ ಹಾಕಿದೆ. ಎರಡನೇ ಸಂಜೆ ಸುಮ್ನೆ ಕೈಯಾಡಿಸುತ್ತಾ ಬಯಾಸ್ ಸೆಟ್ಟಿಂಗಿಗೆ ಹೋಗಿ, ಬಳಸದೆ ಇದ್ದ ಎರಡನೇ ಸೀರಿಯಲ್ ಪೋರ್ಟ್ ಆರಿಸಿದೆ. ತಕ್ಷಣ ಬಂತು. ಚೀಟಿ ಅಂಟಿಸುವ ಅಭ್ಯಾಸ ಶುರುವಾದದ್ದು ಆ ರಾತ್ರಿ.

ಸರಿ, ತಪ್ಪು ಡ್ರೈವರನ್ನು ಇಳಿಸೋಣ. ಅದೇ ಸಂಗ್ರಹದಲ್ಲಿ ಟರ್ಮಿನ್ ಅನ್ನುವ ಪ್ರೋಗ್ರಾಂ ಇದೆ, ಅದಕ್ಕೆ ಹೆಕ್ಸ್ 60 ಅಂದರೆ ಡ್ರೈವರ್ ಎದ್ದು ಹೋಗುತ್ತದೆ. ಈಗ 5 ಹಾಕಿ ಮತ್ತೆ ಕೂರಿಸಿದೆ.

ಕೇಬಲ್ ಬಗ್ಗೆ ಚಿಕ್ಕದಾಗಿ. ಕಾರ್ಡಿನ ಹಿಂದೆ ಮೂರು ತರದ ಬಾಯಿ ಇರಬಹುದು. ಹದಿನೈದು ಪಿನ್ನಿನದು ಎಯುಐ, ಅದಕ್ಕೆ ಹೊರಗಿನ ಪೆಟ್ಟಿಗೆ ಬೇಕು. ದುಂಡಗಿನ ಬಿಎನ್‌ಸಿ ತೆಳು ಕೋಆಕ್ಸ್‌ಗೆ. ಎಲ್ಲ ಯಂತ್ರಗಳೂ ಒಂದೇ ತಂತಿಯಲ್ಲಿ ಮಾಲೆಯ ಹಾಗೆ. ಒಂದು ತುಂಡು 185 ಮೀಟರ್ ತನಕ, ಎರಡು ತುದಿಗೂ 50 ಓಮ್ ಟರ್ಮಿನೇಟರ್. ಒಂದು ಟರ್ಮಿನೇಟರ್ ಕಿತ್ತುಬಂದರೆ ಇಡೀ ಮಾಲೆ ಸತ್ತಂತೆ. ಅದನ್ನು ಅನುಭವಿಸಿದವರು ಇಲ್ಲಿ ನಗುತ್ತಿದ್ದಾರೆ. ಮೂರನೆಯದು ನಮಗೆ ಗೊತ್ತಿರುವ ಆರ್‌ಜೆ45. ಇದಿದ್ದರೆ ಇವತ್ತಿನ ಸ್ವಿಚ್ಚಿಗೇ ಚುಚ್ಚಬಹುದು, ಆದರೆ ಒಂದು ಷರತ್ತು. ಈ ಕಾರ್ಡಿನ ವೇಗ ಸೆಕೆಂಡಿಗೆ 10 ಮೆಗಾಬಿಟ್. 2.5 ಗಿಗಾಬಿಟ್, 10 ಗಿಗಾಬಿಟ್ ಅಂತ ಬರುವ ಹೊಸ ಪೋರ್ಟುಗಳಲ್ಲಿ ಎಷ್ಟೋ 10 ಮೆಗಾಬಿಟ್ ಮಾತಾಡುವುದನ್ನೇ ಬಿಟ್ಟಿವೆ. ದೀಪವೇ ಹತ್ತುವುದಿಲ್ಲ. ಮಧ್ಯೆ ಒಂದು ಹಳೆ ಸ್ವಿಚ್ ಇಟ್ಟರೆ ಸರಿಹೋಗುತ್ತದೆ. ಮೂಲೆಯಲ್ಲಿ ಬಿದ್ದಿರುವ ಐದು ಬಾಯಿಯ ಪ್ಲಾಸ್ಟಿಕ್ ಸ್ವಿಚ್ ಎಸೆಯಬೇಡಿ.

ಈಗ ಪ್ರೋಗ್ರಾಂಗಳು. ಡಾಸ್‌ಗೆ ಟಿಸಿಪಿ ಐಪಿ, ಅಂದರೆ ಇಂಟರ್‌ನೆಟ್ಟಿನಲ್ಲಿ ಯಂತ್ರಗಳು ಮಾತಾಡುವ ನಿಯಮಗಳು, ಬೇಕು ಅಂದರೆ ನನ್ನ ಆಯ್ಕೆ ಮೈಕಲ್ ಬ್ರಟ್‌ಮನ್ ಬರೆದ ಎಂಟಿಸಿಪಿ. ಡಿಎಚ್‌ಸಿಪಿ, ಆ ಕಡೆಯ ಯಂತ್ರ ಉತ್ತರ ಕೊಡುತ್ತದಾ ನೋಡುವ ಪಿಂಗ್, ದೂರದ ಯಂತ್ರದ ಒಳಗೆ ಹೋಗುವ ಟೆಲ್‌ನೆಟ್, ಫೈಲ್ ಸಾಗಿಸುವ ಎಫ್‌ಟಿಪಿ, ಗಡಿಯಾರ ಸರಿಮಾಡುವ ಎಸ್‌ಎನ್‌ಟಿಪಿ, ಎಲ್ಲ ಪುಟ್ಟ ಪುಟ್ಟ ಪ್ರೋಗ್ರಾಂಗಳು. 8088 ಇರುವ ಮೊದಲ ಪಿಸಿಯ ಮೇಲೂ ಓಡುತ್ತವೆ. ಎರಿಕ್ ಎಂಗೆಲ್ಕೆ ಅವರ ವಾಟ್‌ಟಿಸಿಪಿ ಇನ್ನೂ ಹಳೆಯದು. ಬೇರೆಯವರು ಬರೆದ ಎಷ್ಟೋ ಡಾಸ್ ಪ್ರೋಗ್ರಾಂಗಳ ಹೊಟ್ಟೆಯಲ್ಲಿ ಅದಿದೆ.

ಎಂಟಿಸಿಪಿಗೆ ಒಂದು ಪಠ್ಯ ಫೈಲ್ ಬೇಕು. ಮೊದಲಿಗೆ ಅದರಲ್ಲಿ ಒಂದೇ ಸಾಲು ಸಾಕು: ಪ್ಯಾಕೆಟ್‌ಇಂಟ್, ಹೆಕ್ಸ್ 60. ಫೈಲ್ ಎಲ್ಲಿದೆ ಅಂತ ಎಂಟಿಸಿಪಿಸಿಎಫ್‌ಜಿ ಅನ್ನುವ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಡಾಸ್ ನೆನಪಿಟ್ಟುಕೊಳ್ಳುವ ಒಂದು ಹೆಸರಿನಲ್ಲಿ, ಹೇಳಬೇಕು. ಯಂತ್ರ ಹಚ್ಚಿದಾಗ ತಾನೇ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಒಂದು ಸೆಟ್ ಸಾಲು. ಇಲ್ಲಿ ಒಂದು ಸಣ್ಣ ಗುಂಡಿ ಇದೆ. ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ನಿಮ್ಮ ಪಾತ್ ಸಾಲು ಉದ್ದ ಇದ್ದರೆ ಡಾಸ್ "ಎನ್‌ವಿರಾನ್‌ಮೆಂಟಿನಲ್ಲಿ ಜಾಗ ಇಲ್ಲ" ಅಂತ ಒಂದು ಸಾಲು ಹೇಳಿ ಮುಂದೆ ಹೋಗಿಬಿಡುತ್ತದೆ. ಬೂಟ್ ಆಗುವಾಗ ಆ ಸಾಲನ್ನು ಯಾರು ಓದುತ್ತಾರೆ? ಆಮೇಲೆ ಎಂಟಿಸಿಪಿ ಫೈಲ್ ಸಿಗಲಿಲ್ಲ ಅನ್ನುತ್ತದೆ, ಫೈಲ್ ಕಣ್ಣೆದುರಿಗೇ ಇರುತ್ತದೆ. ಕಾನ್ಫಿಗ್ ಫೈಲಿನ ಶೆಲ್ ಸಾಲಿನಲ್ಲಿ ಎನ್‌ವಿರಾನ್‌ಮೆಂಟಿಗೆ 512 ಬೈಟ್ ಕೊಟ್ಟರೆ ಮುಗಿಯಿತು.

ಡಿಎಚ್‌ಸಿಪಿ ಮತ್ತೆ ಓಡಿಸುತ್ತೇನೆ. ಒಂದು, ಎರಡು... ಬಂತು! ಇಷ್ಟಕ್ಕೇ ಚಪ್ಪಾಳೆನಾ? ಇರಲಿ. ಈಗ ಆ ಪಠ್ಯ ಫೈಲ್ ತೆರೆದು ನೋಡೋಣ. ಒಂದು ಸಾಲಿದ್ದದ್ದು ಬೆಳೆದಿದೆ. ಐಪಿ ವಿಳಾಸ, ನೆಟ್‌ಮಾಸ್ಕ್, ಗೇಟ್‌ವೇ, ನೇಮ್‌ಸರ್ವರ್, ಎಲ್ಲವನ್ನೂ ಡಿಎಚ್‌ಸಿಪಿ ಬರೆದು ಎದ್ದು ಹೋಗಿದೆ. ಹೌದು, ಎದ್ದು ಹೋಗಿದೆ. ಈಗ ಮೆಮೊರಿಯಲ್ಲಿ ಉಳಿದಿರುವುದು ಕೆಲವೇ ಕಿಲೋಬೈಟಿನ ಪ್ಯಾಕೆಟ್ ಡ್ರೈವರ್ ಮಾತ್ರ. ಮುಂದಿನ ಪ್ರೋಗ್ರಾಂ ಬಂದು ಈ ಫೈಲ್ ಓದಿ ತನ್ನ ಕೆಲಸ ಮಾಡಿಕೊಳ್ಳುತ್ತದೆ.

ಇದರಿಂದ ಹುಟ್ಟುವ ಒಂದು ಭ್ರಮೆ ತೋರಿಸುತ್ತೇನೆ. 386 ಈಗ ಸಿ ಪ್ರಾಂಪ್ಟಿನಲ್ಲಿ ಸುಮ್ಮನೆ ನಿಂತಿದೆ. ಲ್ಯಾಪ್‌ಟಾಪಿನಿಂದ ಅದಕ್ಕೆ ಪಿಂಗ್ ಮಾಡುತ್ತೇನೆ. ಉತ್ತರ ಇಲ್ಲ. ಈಗಷ್ಟೇ ವಿಳಾಸ ತೆಗೆದುಕೊಂಡ ಯಂತ್ರ ಸತ್ತುಹೋಯಿತಾ? ಇಲ್ಲ. ಉತ್ತರ ಕೊಡುವ ಟಿಸಿಪಿ ಐಪಿ ಆ ಪ್ರೋಗ್ರಾಂ ಒಳಗೇ ಇತ್ತು, ಪ್ರೋಗ್ರಾಂ ಮುಗಿದಾಗ ಅದೂ ಹೋಯಿತು. ಈಗ 386ನಲ್ಲಿ ಎಫ್‌ಟಿಪಿ ತೆರೆದು ಅದರ ಪ್ರಾಂಪ್ಟಿನಲ್ಲಿ ಬಿಡುತ್ತೇನೆ. ಪಿಂಗ್ ನೋಡಿ, ಉತ್ತರ ಬರುತ್ತಿದೆ. ಇದು ಗೊತ್ತಿಲ್ಲದ ಕಾಲದಲ್ಲಿ ಸರಿಯಾಗಿಯೇ ಇದ್ದ ಕಾರ್ಡನ್ನು ಮೂರು ಸಲ ಬಿಚ್ಚಿ ಸಿಕ್ಕಿಸಿದ್ದೇನೆ ನಾನು. ಪಿಂಗ್ ಪರೀಕ್ಷೆ ಮಾಡುವುದಾದರೆ ಡಾಸ್ ಕಡೆಯಿಂದ ಮಾಡಿ.

ಎಫ್‌ಟಿಪಿ ತೆರೆದೇ ಇದೆಯಲ್ಲ, ಫೈಲ್ ಎಳೆಯೋಣ. ಮೊದಲು ಬೈನರಿ ಅಂತ ಹೊಡೆಯುತ್ತೇನೆ. ಪಠ್ಯದ ವಿಧಾನದಲ್ಲಿ ಕಳಿಸಿದರೆ ಸಾಲಿನ ಕೊನೆಯ ಗುರುತುಗಳನ್ನು ದಾರಿಯಲ್ಲೇ ತಿದ್ದುತ್ತಾರೆ. ಪ್ರೋಗ್ರಾಂ ಫೈಲಾದರೆ ಕೆಟ್ಟುಹೋಗುತ್ತದೆ, ಗಾತ್ರ ಮಾತ್ರ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಹೆಸರು ಎಂಟು ಅಕ್ಷರ, ಚುಕ್ಕಿ, ಮೂರು ಅಕ್ಷರ ಮೀರದಂತೆ ನೋಡಿಕೊಳ್ಳಿ. ಬರುತ್ತಿದೆ... ಬಂತು. ಒಂದು ಫ್ಲಾಪಿಯಷ್ಟು ದೊಡ್ಡ ಫೈಲ್. ಫ್ಲಾಪಿಯಲ್ಲಿ ನಕಲು ಮಾಡಿದ್ದರೆ ನಾನು ಇನ್ನೂ ಅದರ ಕಟಕಟ ಕೇಳುತ್ತಾ ನಿಂತಿರುತ್ತಿದ್ದೆ. 10 ಮೆಗಾಬಿಟ್ ಅನ್ನೋದು ತಂತಿಯ ವೇಗ. ಅಷ್ಟನ್ನು ಈ ಯಂತ್ರ ಮುಟ್ಟುವುದಿಲ್ಲ. ಕಾರ್ಡಿನ 16 ಕಿಲೋಬೈಟ್ ಬಫರಿನಿಂದ ಪ್ರತಿ ಬೈಟನ್ನೂ ಪ್ರಾಸೆಸರೇ ಪೋರ್ಟಿನಿಂದ ಹೊತ್ತು ತರಬೇಕು. ಆ ಬಫರಿನಲ್ಲಿ ದೊಡ್ಡ ಪ್ಯಾಕೆಟ್ ಒಂಬತ್ತೋ ಹತ್ತೋ ಹಿಡಿಯುತ್ತವೆ. ತುಂಬಿ ಚೆಲ್ಲಿದರೂ ಚಿಂತೆ ಇಲ್ಲ, ಟಿಸಿಪಿ ಮತ್ತೆ ತರಿಸಿಕೊಳ್ಳುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು. ಅದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ.

ಇವತ್ತಿನ ವೆಬ್ ನೋಡಬಹುದಾ ಅಂತ ಒಬ್ಬರು ಕೇಳಿದರು. ನೇರವಾಗಿ ಕಷ್ಟ. ಈಗ ಹೆಚ್ಚಿನ ತಾಣಗಳು ಗೂಢಲಿಪಿಯ ಸಂಪರ್ಕ ಇಲ್ಲದೆ ಮಾತೇ ಆಡುವುದಿಲ್ಲ. ಆ ಗಣಿತ 386ಗೆ ಭಾರ, 8088ಗೆ ಕೇಳಲೇಬೇಡಿ. ಮಧ್ಯೆ ಒಂದು ಹೊಸ ಯಂತ್ರ ಕೂರಿಸಿ, ಅದು ಬಿಚ್ಚಿ ಸರಳ ಎಚ್‌ಟಿಟಿಪಿಯಲ್ಲಿ ಕೊಡುವಂತೆ ಮಾಡಬಹುದು. ನಾನಂತೂ ಈ ಯಂತ್ರಗಳನ್ನು ಮನೆಯ ನೆಟ್‌ವರ್ಕಿನ ಹೊರಗೆ ಕಾಣಿಸಿಕೊಳ್ಳಲು ಬಿಡುವುದಿಲ್ಲ. ಎಫ್‌ಟಿಪಿ, ಟೆಲ್‌ನೆಟ್ ಎರಡರಲ್ಲೂ ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತದೆ.

ಪ್ರತಿ ಸಲ ಎಫ್‌ಟಿಪಿ ಬದಲು ಒಂದು ಡ್ರೈವ್ ಅಕ್ಷರವಾಗಿಯೇ ಸಿಕ್ಕರೆ ಚೆನ್ನಲ್ವಾ ಅಂತ ಇನ್ನೊಬ್ಬರು. ಸಿಗುತ್ತದೆ. ಮಾಟೆಉಷ್ ವಿಸ್ಟೆ ಬರೆದ ಈಥರ್‌ಡಿಎಫ್‌ಎಸ್ ಟಿಸಿಪಿ ಐಪಿಯ ತಂಟೆಗೇ ಹೋಗದೆ ನೇರ ಈಥರ್‌ನೆಟ್ ಮೇಲೆ ಇದನ್ನು ಮಾಡುತ್ತದೆ. ಆ ಕಡೆ ಲಿನಕ್ಸ್ ಯಂತ್ರವೊಂದು ಬೇಕು. ಎಂಟಿಸಿಪಿ ಬಳಗದಲ್ಲೂ ಈಗ ನೆಟ್‌ಡ್ರೈವ್ ಅಂತ ಇದೆ.

ಸ್ಲಾಟೇ ಇಲ್ಲದ ಲ್ಯಾಪ್‌ಟಾಪಿಗೆ? ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಅಡಾಪ್ಟರುಗಳು ಇದ್ದವು, ಜಿರ್‌ಕಾಂ ಕಂಪನಿಯದು ಹೆಸರುವಾಸಿ. ಅದಕ್ಕೂ ಪ್ಯಾಕೆಟ್ ಡ್ರೈವರ್ ಇದೆ. ನಿಧಾನ, ಆದರೆ ಕೆಲಸ ಆಗುತ್ತದೆ.

ಆಟ ಆಡಬಹುದಾ ಅಂತ ಹುಡುಗನೊಬ್ಬ ಕೇಳಿದ. ಆಡಬಹುದು, ಆದರೆ ಆ ಕಾಲದ ಆಟಗಳು ಮಾತಾಡುತ್ತಿದ್ದದ್ದು ಹೆಚ್ಚಾಗಿ ಟಿಸಿಪಿ ಐಪಿ ಅಲ್ಲ, ಐಪಿಎಕ್ಸ್ ಅನ್ನುವ ನೊವೆಲ್‌ನ ಭಾಷೆ. ಪ್ಯಾಕೆಟ್ ಡ್ರೈವರ್ ಮೇಲೆ ಐಪಿಎಕ್ಸ್ ಕೂರಿಸುವ ಸಣ್ಣ ಪ್ರೋಗ್ರಾಂ ಹಾಕಿಕೊಂಡರೆ ಆಯಿತು. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದ ಮೊದಲ ಆವೃತ್ತಿ ಪ್ರತಿ ಪ್ಯಾಕೆಟನ್ನೂ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತಿತ್ತು. ಆಡುವವರು ನಾಲ್ವರು, ಕಿವಿ ಮುಚ್ಚಿಕೊಳ್ಳಬೇಕಾದವರು ಎಲ್ಲರೂ. ನೆಟ್‌ವರ್ಕ್ ನೋಡಿಕೊಳ್ಳುವವರು ಅದನ್ನು ನಿಷೇಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಅದನ್ನು ಸರಿಮಾಡಿದರು.

ಆಟದ ಮಾತು ಬಂದಿದ್ದೇ ಒಳ್ಳೆಯದಾಯಿತು. ನೆಟ್‌ವರ್ಕ್ ಕಾರ್ಡಿಗೆ 5 ಯಾಕೆ ಕೊಟ್ಟೆ ಅಂತ ಹೇಳಬೇಕಿತ್ತಲ್ಲ. ಈ ಯಂತ್ರದಲ್ಲಿ ಸೌಂಡ್ ಬ್ಲಾಸ್ಟರ್ ಅನ್ನುವ ಸೌಂಡ್ ಕಾರ್ಡ್ ಇದೆ, ನಿನ್ನೆ ತನಕ ಅದು 5ರಲ್ಲಿತ್ತು. ನನ್ನ ಈ ನೆಟ್‌ವರ್ಕ್ ಕಾರ್ಡಿನಲ್ಲಿ 10ನೇ ಗೆರೆ ಕೆಟ್ಟಿದೆ, ಅಂಚಿನಲ್ಲಿ ಎಲ್ಲೋ ಒಂದು ಪಟ್ಟಿಯ ಚಿನ್ನ ಎದ್ದುಹೋಗಿದೆ. ಹಾಗಾಗಿ ಸೌಂಡ್ ಕಾರ್ಡಿನ ಜಂಪರ್ ತೆಗೆದು 7ಕ್ಕೆ ಹಾಕಿದೆ. 7 ಪ್ರಿಂಟರಿನದು, ಆದರೆ ಡಾಸ್ ಪ್ರಿಂಟ್ ಮಾಡುವಾಗ ಆ ಗಂಟೆಯನ್ನು ಕಾಯುವುದೇ ಇಲ್ಲ. ಆಟೋಎಕ್ಸೆಕ್‌ನ ಬ್ಲಾಸ್ಟರ್ ಸಾಲಿನಲ್ಲಿ ಐ5 ಇದ್ದದ್ದನ್ನು ಐ7 ಮಾಡಿದೆ. ಚೀಟಿಯಲ್ಲಿ ರಬ್ಬರಿನಿಂದ ಉಜ್ಜಿ ತಿದ್ದಿದ ಗುರುತು ಕಾಣುತ್ತದೆ. ಬೇಕಾದವರು ಮುಂದೆ ಬಂದು ನೋಡಬಹುದು, ಯಂತ್ರ ಇನ್ನೂ ಅರ್ಧ ಗಂಟೆ ಹಚ್ಚಿಯೇ ಇರುತ್ತದೆ.